ಡಿನೋ ಜೋಫ್: ಗೋಲ್ ಕಂಬದಿಂದ ಕೋಚ್ ಬೆಂಚಿಗೆ – ಪದೇ ಪದೇ ಕೇಳುವ ಪ್ರಶ್ನೆಗಳು

ಫುಟ್‌ಬಾಲ್ ಮಾತು ಬಂದಾಗಲೆಲ್ಲ ನಾನು ಡಿನೋ ಜೋಫ್ ಹೆಸರು ತೆಗೆಯುತ್ತೇನೆ. ಪೆಲೆ, ಮರಡೋನಾ ಬಗ್ಗೆ ಗಂಟೆಗಟ್ಟಲೆ ಮಾತಾಡುವವರಿಗೂ ಈ ಹೆಸರು ಅಷ್ಟಾಗಿ ಗೊತ್ತಿರುವುದಿಲ್ಲ. ಆಮೇಲೆ ಒಂದರ ಹಿಂದೆ ಒಂದು ಪ್ರಶ್ನೆ ಬರುತ್ತದೆ. ಹಾಗೆ ಜಾಸ್ತಿ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ.

ಯಾರು ಈ ಡಿನೋ ಜೋಫ್?

ಇಟಲಿಯ ಗೋಲ್‌ಕೀಪರ್, ಅಂದರೆ ಗೋಲಿ. 1982ರಲ್ಲಿ ವಿಶ್ವಕಪ್ ಗೆದ್ದ ಇಟಲಿ ತಂಡದ ಕ್ಯಾಪ್ಟನ್. ಆಗ ಅವರಿಗೆ 40 ವರ್ಷ. ವಿಶ್ವಕಪ್ ಗೆದ್ದವರಲ್ಲೇ ಅತಿ ಹಿರಿಯ ಆಟಗಾರ ಅವರು. 1968ರಲ್ಲಿ ಯುರೋಪ್ ಚಾಂಪಿಯನ್‌ಶಿಪ್ ಕೂಡ ಗೆದ್ದಿದ್ದರು. ಆಟಗಾರನಾಗಿ ಈ ಎರಡೂ ಕಪ್ ಗೆದ್ದ ಇಟಲಿಯವರು ಅವರೊಬ್ಬರೇ. ಆಟ ನಿಲ್ಲಿಸಿದ ಮೇಲೆ ಯುವೆಂಟಸ್, ಲಾಜಿಯೊ ಮತ್ತು ಫಿಯೊರೆಂಟಿನಾ ಕ್ಲಬ್‌ಗಳಿಗೆ, ನಡುವೆ ಇಟಲಿ ರಾಷ್ಟ್ರೀಯ ತಂಡಕ್ಕೆ ಕೋಚ್ ಆದರು.

ಗೋಲಿ ಆಗಿದ್ದು ಹೇಗೆ?

ಹುಟ್ಟಿದ್ದು 1942ರ ಫೆಬ್ರವರಿ 28ರಂದು. ಊರು ಮರಿಯಾನೊ ಡೆಲ್ ಫ್ರಿಯುಲಿ, ಇಟಲಿಯ ಈಶಾನ್ಯ ಮೂಲೆಯ ಒಂದು ಹಳ್ಳಿ. ಬೇಸಾಯದ ಮನೆ. 14ನೇ ವಯಸ್ಸಿನಲ್ಲಿ ಇಂಟರ್ ಮತ್ತು ಯುವೆಂಟಸ್ ಎರಡೂ ಕಡೆ ಆಯ್ಕೆಗೆ ಹೋದರು. ಎತ್ತರ ಸಾಲದು ಎಂದು ಎರಡೂ ಕಡೆ ವಾಪಸ್ ಕಳಿಸಿದರು. ಮನೆಯಲ್ಲಿ ಅಜ್ಜಿ ಅಡಿಲೇಡ್ ಇದ್ದರು. ಹುಡುಗ ಬೆಳೆಯಲಿ ಎಂದು ದಿನಕ್ಕೆ ಎಂಟು ಮೊಟ್ಟೆ ತಿನ್ನಿಸಿದರಂತೆ. ಮೊಟ್ಟೆಯಿಂದಲೋ ವಯಸ್ಸಿನಿಂದಲೋ, ಹುಡುಗ ಮುಂದೆ 1.82 ಮೀಟರ್ ಬೆಳೆದ.

ಅಪ್ಪನದು ಬೇರೆ ಮಾತು. ಆಟ ಆಡು, ಆದರೆ ಮೊದಲು ಕೈಗೊಂದು ಕೆಲಸ ಕಲಿ ಎಂದರು. ಅದಕ್ಕೇ ಜೋಫ್ ಮೆಕ್ಯಾನಿಕ್ ಕೆಲಸ ಕಲಿತರು. ಅಪ್ಪನ ಬಗ್ಗೆ ಜೋಫ್ ಹೇಳುವ ಒಂದು ಪ್ರಸಂಗ ನನಗೆ ತುಂಬಾ ಇಷ್ಟ. ಒಮ್ಮೆ ಗೋಲು ಬಿಟ್ಟು ಮನೆಗೆ ಬಂದಾಗ ಅಪ್ಪ ಕಾರಣ ಕೇಳಿದರು. ಅವನು ಅಲ್ಲಿಂದ ಒದೆಯುತ್ತಾನೆ ಅಂದುಕೊಂಡಿರಲಿಲ್ಲ ಎಂದರು ಮಗ. ಅಂದುಕೊಳ್ಳದೇ ಇರುವುದಕ್ಕೆ ನೀನೇನು ಔಷಧಿ ಅಂಗಡಿಯವನಾ ಎಂದು ಅಪ್ಪ ಕೇಳಿಬಿಟ್ಟರು. ಎದುರು ನೋಡುವುದೇ ನಿನ್ನ ಕೆಲಸ, ನೆಪ ಹೇಳಬೇಡ ಎನ್ನುವುದು ಅದರ ಅರ್ಥ. ಜೋಫ್ ಬದುಕು ಓದುವಾಗ ನನಗೆ ಹೆಜ್ಜೆ ಹೆಜ್ಜೆಗೂ ಈ ಮಾತು ನೆನಪಾಗುತ್ತದೆ.

ಮೊದಲ ದೊಡ್ಡ ಪಂದ್ಯ ಹೇಗಿತ್ತು?

ಕೆಟ್ಟದಾಗಿತ್ತು. 1961ರ ಸೆಪ್ಟೆಂಬರ್ 24, ಉದಿನೇಸೆ ತಂಡದ ಪರ ಸೀರಿ ಎ, ಅಂದರೆ ಇಟಲಿಯ ಅತಿ ಮೇಲಿನ ದರ್ಜೆಯ ಲೀಗ್‌ನಲ್ಲಿ ಮೊದಲ ಪಂದ್ಯ, ಎದುರಾಳಿ ಫಿಯೊರೆಂಟಿನಾ. ಉದಿನೇಸೆ 5-2ರಿಂದ ಸೋತಿತು. ಆ ವರ್ಷ ತಂಡ ಕೆಳಗಿನ ದರ್ಜೆಗೆ ಇಳಿಯಿತು. ಮೊದಲ ದಿನವೇ ಐದು ಗೋಲು ಬಿಟ್ಟ ಹುಡುಗನೇ ಮುಂದೆ ದಾಖಲೆ ಬರೆದ. ಗೋಲ್ ಮುಂದೆ ನಿಲ್ಲುವ ಮಕ್ಕಳು ಅತ್ತರೆ ನಾನು ಮೊದಲು ಹೇಳುವುದೇ ಈ ಪಂದ್ಯದ ಕಥೆ.

ಹೆಸರು ಬಂದಿದ್ದು ಯಾವಾಗ?

1963ರಿಂದ ನಾಲ್ಕು ವರ್ಷ ಮಾಂಟೊವಾ ಕ್ಲಬ್, 1967ರಿಂದ ಐದು ವರ್ಷ ನಾಪೊಲಿ ಕ್ಲಬ್. ನಾಪೊಲಿಯಲ್ಲಿದ್ದಾಗ ಇಟಲಿ ತಂಡದಿಂದ ಕರೆ ಬಂತು. 1968ರ ಏಪ್ರಿಲ್ 20ರಂದು ಬಲ್ಗೇರಿಯಾ ವಿರುದ್ಧ ಮೊದಲ ಪಂದ್ಯ. ಅದು ನಡೆದಿದ್ದೂ ನಾಪೊಲಿ ಕ್ಲಬ್‌ನ ಊರಾದ ನೇಪಲ್ಸ್‌ನಲ್ಲೇ. ಎರಡೇ ತಿಂಗಳಿಗೆ ಯುರೋಪ್ ಚಾಂಪಿಯನ್!

ಆ ಟೂರ್ನಿಯ ಸೆಮಿಫೈನಲ್ ವಿಚಿತ್ರವಾಗಿತ್ತು. ಸೋವಿಯತ್ ಒಕ್ಕೂಟದ ವಿರುದ್ಧ 0-0. ಆಗ ಪೆನಾಲ್ಟಿ ಶೂಟೌಟ್ ಇರಲಿಲ್ಲ. ನಾಣ್ಯ ಚಿಮ್ಮಿಸಿ ಯಾರು ಗೆದ್ದರೆಂದು ನೋಡಿದರು, ಇಟಲಿ ಫೈನಲ್‌ಗೆ ಹೋಯಿತು. ಯುಗೊಸ್ಲಾವಿಯಾ ವಿರುದ್ಧ ಫೈನಲ್ 1-1 ಆಗಿ, ಎರಡು ದಿನ ಬಿಟ್ಟು ಮತ್ತೆ ಆಡಿಸಿದರು. ಇಟಲಿ 2-0ಯಿಂದ ಗೆದ್ದಿತು.

ಇಷ್ಟಾದರೂ 1970ರ ವಿಶ್ವಕಪ್‌ನಲ್ಲಿ ಜಾಗ ಸಿಕ್ಕಿದ್ದು ಇನ್ನೊಬ್ಬ ಗೋಲಿ ಅಲ್ಬರ್ಟೋಸಿಗೆ. ಜೋಫ್ ಬೆಂಚಿನಲ್ಲಿ ಕೂತು ನೋಡಿದರು.

ಯುವೆಂಟಸ್‌ನಲ್ಲಿ ಒಂದು ಪಂದ್ಯವನ್ನೂ ತಪ್ಪಿಸಿಕೊಳ್ಳಲಿಲ್ಲವಂತೆ, ನಿಜವಾ?

ಲೀಗ್ ಪಂದ್ಯಗಳ ಮಟ್ಟಿಗೆ ನಿಜ. ಹುಡುಗನಾಗಿದ್ದಾಗ ಬೇಡ ಎಂದಿದ್ದ ಅದೇ ಯುವೆಂಟಸ್ 1972ರಲ್ಲಿ ಅವರನ್ನು ಕೊಂಡುಕೊಂಡಿತು. ಆಗ ಅವರಿಗೆ 30. ಮುಂದಿನ 11 ವರ್ಷ, ವರ್ಷಕ್ಕೆ 30ರಂತೆ 330 ಲೀಗ್ ಪಂದ್ಯಗಳನ್ನು ಸತತವಾಗಿ ಆಡಿದರು. ಜ್ವರ, ಉಳುಕು, ಬೆರಳು ನೋವು, ಯಾವುದಕ್ಕೂ ರಜೆ ಇಲ್ಲ. ಗೋಲಿಯ ಕೈಬೆರಳು ಎಷ್ಟು ಪೆಟ್ಟು ತಿನ್ನುತ್ತದೆ ಎಂದು ನಿಂತು ನೋಡಿದವರಿಗೇ ಗೊತ್ತು.

ಆ ಅವಧಿಯಲ್ಲಿ ಆರು ಲೀಗ್ ಪ್ರಶಸ್ತಿ, ಎರಡು ಇಟಾಲಿಯನ್ ಕಪ್, 1977ರಲ್ಲಿ ಯುರೋಪಿನ ಕ್ಲಬ್‌ಗಳ ಎರಡನೇ ಸಾಲಿನ ಟೂರ್ನಿಯಾದ ಯುಇಎಫ್‌ಎ ಕಪ್ ಸಿಕ್ಕವು. ಸಿಗದೇ ಹೋದ ದೊಡ್ಡ ಕಪ್ ಎಂದರೆ ಯುರೋಪಿನ ಚಾಂಪಿಯನ್ ಕ್ಲಬ್‌ಗಳು ಆಡುವ ಯುರೋಪಿಯನ್ ಕಪ್. 1973ರಲ್ಲಿ ಅಯಾಕ್ಸ್ ಎದುರು, 1983ರಲ್ಲಿ ಹ್ಯಾಂಬರ್ಗ್ ಎದುರು ಫೈನಲ್ ಸೋತರು. ಎರಡೂ ಸಲ 1-0.

1142 ನಿಮಿಷದ ದಾಖಲೆ ಅಂದರೆ ಏನು?

1972ರ ಸೆಪ್ಟೆಂಬರ್‌ನಿಂದ 1974ರ ಜೂನ್‌ವರೆಗೆ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಜೋಫ್ ಒಂದೂ ಗೋಲು ಬಿಡಲಿಲ್ಲ. ನಿಮಿಷ ಲೆಕ್ಕ ಹಾಕಿದರೆ 1142. ಹನ್ನೆರಡು ಪೂರ್ತಿ ಪಂದ್ಯಗಳಿಗಿಂತ ಜಾಸ್ತಿ.

ಅದನ್ನು ಮುರಿದಿದ್ದು ಬ್ರೆಜಿಲ್ ಅಲ್ಲ, ಜರ್ಮನಿ ಅಲ್ಲ. ಹೈಟಿ! 1974ರ ವಿಶ್ವಕಪ್, ಜೂನ್ 15, ಮ್ಯೂನಿಕ್. ವಿರಾಮ ಮುಗಿದ ತಕ್ಷಣ ಎಮ್ಯಾನುಯೆಲ್ ಸಾನೊನ್ ಓಡಿ ಬಂದು, ಜೋಫ್ ಅವರನ್ನು ದಾಟಿ ಗೋಲು ಹೊಡೆದರು. ಇಟಲಿ ಆ ಪಂದ್ಯವನ್ನು 3-1ರಿಂದ ಗೆದ್ದಿತು. ಆದರೆ ಜಗತ್ತು ನೆನಪಿಟ್ಟುಕೊಂಡಿದ್ದು ಸಾನೊನ್ ಗೋಲನ್ನು. ಗೋಲಿಯ ಕೆಲಸವೇ ಹಾಗೆ ಅಲ್ವಾ? ತಡೆದ ನೂರನ್ನು ಯಾರೂ ಎಣಿಸುವುದಿಲ್ಲ.

ಅವರ ಆಟದಲ್ಲಿ ಅಂಥ ವಿಶೇಷ ಏನಿತ್ತು? ವಿಡಿಯೊದಲ್ಲಿ ಹಾರಾಟವೇ ಕಾಣುವುದಿಲ್ಲವಲ್ಲ.

ಕಾಣದೇ ಇರುವುದೇ ವಿಶೇಷ. ಚೆಂಡು ಎಲ್ಲಿಗೆ ಬರಬಹುದು ಎಂದು ಮೊದಲೇ ಅಳೆದು ಅಲ್ಲಿ ಹೋಗಿ ನಿಂತಿರುತ್ತಿದ್ದರು. ಸರಿಯಾದ ಜಾಗದಲ್ಲಿ ನಿಂತ ಗೋಲಿಗೆ ಹಾರುವ ಅಗತ್ಯ ಕಡಿಮೆ. ಒದೆಯುವವನ ಕಡೆಗೆ ಎರಡು ಹೆಜ್ಜೆ ಮುಂದೆ ಬಂದರೆ ಅವನಿಗೆ ಕಾಣುವ ಗೋಲು ಕಿರಿದಾಗುತ್ತದೆ. ಜಾಸ್ತಿ ಮುಂದೆ ಬಂದರೆ ಚೆಂಡು ತಲೆ ಮೇಲಿಂದ ಹೋಗುತ್ತದೆ. ಆ ಎರಡು ಹೆಜ್ಜೆಯ ಲೆಕ್ಕದಲ್ಲಿ ಜೋಫ್ ಪಳಗಿದ್ದರು.

ಇನ್ನೊಂದು, ಸಾಧ್ಯವಾದಷ್ಟೂ ಚೆಂಡನ್ನು ಹಿಡಿಯುತ್ತಿದ್ದರು. ಗುದ್ದಿ ಆಚೆ ಕಳಿಸಿದರೆ ಅದು ಮತ್ತೆ ಎದುರಾಳಿ ಕಾಲಿಗೇ ಸಿಗಬಹುದು. ಹಿಡಿದರೆ ಅಲ್ಲಿಗೆ ಅಪಾಯ ಮುಗಿಯಿತು. ಮುಂದೆ ಕೋಚ್ ಆದಾಗಲೂ ಅವರ ತಂಡಗಳು ಹೀಗೇ ಆಡಿದವು. ಮೊದಲು ಮನೆ ಭದ್ರ, ಆಮೇಲೆ ಬೇರೆಲ್ಲ.

1978ರಲ್ಲಿ ಕಣ್ಣು ಸರಿಯಿಲ್ಲ, ವಯಸ್ಸಾಯಿತು ಎಂದು ಟೀಕೆ ಬಂದಿತ್ತಲ್ಲ?

ಬಂದಿತ್ತು, ಬಹಳ ಜೋರಾಗಿಯೇ. ಅರ್ಜೆಂಟೀನಾದಲ್ಲಿ ನಡೆದ ಆ ವಿಶ್ವಕಪ್‌ನಲ್ಲಿ ನೆದರ್ಲೆಂಡ್ಸ್ ವಿರುದ್ಧ ದೂರದಿಂದ ಬಂದ ಎರಡು ಹೊಡೆತ ಗೋಲಾದವು. ಮೂರನೇ ಸ್ಥಾನದ ಪಂದ್ಯದಲ್ಲಿ ಬ್ರೆಜಿಲ್‌ನ ನೆಲಿನ್ಯೊ ಮತ್ತು ದಿರ್ಸೆವು ಕೂಡ ದೂರದಿಂದಲೇ ಹೊಡೆದರು. ಎರಡೂ ಪಂದ್ಯ 2-1ರ ಸೋಲು, ಇಟಲಿಗೆ ನಾಲ್ಕನೇ ಸ್ಥಾನ. 36 ವರ್ಷದ ಗೋಲಿಗೆ ದೂರದ ಚೆಂಡು ಕಾಣುವುದಿಲ್ಲ ಎಂದರು.

ನೆಲಿನ್ಯೊ ಹೊಡೆತವನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಬಲಗಡೆ ಅಂಚಿನಿಂದ ಹೊರಟ ಚೆಂಡು ಹೊರಗೆ ಹೋಗುವಂತೆ ಕಂಡು, ಗಾಳಿಯಲ್ಲೇ ಬಾಗಿ ದೂರದ ಕಂಬದ ಒಳಕ್ಕೆ ಬೀಳುತ್ತದೆ. ಅದನ್ನು ಕಣ್ಣಿನ ದೋಷ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಆದರೆ ಜೋಫ್ ಚೆಂಡನ್ನೂ ಬೈಯಲಿಲ್ಲ, ಡಿಫೆಂಡರ್‌ಗಳನ್ನೂ ಬೈಯಲಿಲ್ಲ. ಸುಮ್ನೆ ಊರಿಗೆ ಬಂದು ಮತ್ತೆ ಅಭ್ಯಾಸಕ್ಕೆ ಇಳಿದರು.

40ನೇ ವಯಸ್ಸಿನಲ್ಲಿ ವಿಶ್ವಕಪ್ ಗೆದ್ದಿದ್ದು ಹೇಗೆ?

ಕೋಚ್ ಎಂಜೊ ಬೆರ್ಜೋಟ್ ಕೈಬಿಡಲಿಲ್ಲ. ಅವರೂ ಫ್ರಿಯುಲಿ ಕಡೆಯವರೇ, ಮಾತು ಕಡಿಮೆ. 1982ರಲ್ಲಿ ಸ್ಪೇನ್‌ನಲ್ಲಿ ಇಟಲಿಯ ಮೊದಲ ಮೂರು ಪಂದ್ಯವೂ ಡ್ರಾ. ಪತ್ರಿಕೆಗಳು ತಂಡವನ್ನು ಹರಿದು ಹಾಕಿದವು. ಆಟಗಾರರ ಖಾಸಗಿ ಬದುಕಿನ ಬಗ್ಗೆಯೂ ಬರೆದಾಗ, ಇನ್ನು ಪತ್ರಕರ್ತರ ಜೊತೆ ಮಾತಿಲ್ಲ ಎಂದು ತಂಡ ತೀರ್ಮಾನಿಸಿತು. ಎಲ್ಲರ ಪರವಾಗಿ ಮಾತಾಡುವ ಹೊಣೆ ಬಿದ್ದಿದ್ದು ಕ್ಯಾಪ್ಟನ್ ಮೇಲೆ. ತಂಡದಲ್ಲೇ ಅತಿ ಕಡಿಮೆ ಮಾತಾಡುವ ಮನುಷ್ಯ ತಂಡದ ಬಾಯಿಯಾದ!

ಆಮೇಲೆ ಅರ್ಜೆಂಟೀನಾ ಸೋತಿತು, 2-1. ಬ್ರೆಜಿಲ್ ಸೋತಿತು, 3-2. ಸೆಮಿಫೈನಲ್‌ನಲ್ಲಿ ಪೋಲೆಂಡ್ 2-0. ಜುಲೈ 11ರಂದು ಮ್ಯಾಡ್ರಿಡ್‌ನಲ್ಲಿ ಪಶ್ಚಿಮ ಜರ್ಮನಿ 3-1. ಪಾವ್ಲೊ ರೋಸಿ ಆರು ಗೋಲು ಹೊಡೆದು ಮನೆಮಾತಾದರು. ಕಪ್ ಎತ್ತಿದ್ದು ಜೋಫ್. ಗೋಲಿಯೊಬ್ಬ ಕ್ಯಾಪ್ಟನ್ ಆಗಿ ವಿಶ್ವಕಪ್ ಎತ್ತಿದ್ದು ಅದಕ್ಕೂ ಮೊದಲು ಒಂದೇ ಸಲ, 1934ರಲ್ಲಿ. ಅವರು ಜಾನ್‌ಪಿಯೆರೊ ಕೊಂಬಿ, ಯುವೆಂಟಸ್‌ನವರೇ. ಕಪ್ ಎತ್ತಿದ ಜೋಫ್ ಕೈಗಳನ್ನು ಚಿತ್ರಕಾರ ರೆನಾಟೊ ಗುಟ್ಟೂಸೊ ಬಿಡಿಸಿದರು. ಅದು ಇಟಲಿಯ ಅಂಚೆ ಚೀಟಿಯಾಯಿತು. ಮುಖ ಇಲ್ಲ, ಬರೀ ಕೈ. ಗೋಲಿಗೆ ಇದಕ್ಕಿಂತ ಒಳ್ಳೆಯ ಭಾವಚಿತ್ರ ಬೇಕಾ?

ವಿಮಾನದಲ್ಲಿ ರಾಷ್ಟ್ರಪತಿ ಜೊತೆ ಇಸ್ಪೀಟು ಆಡಿದ್ದು ನಿಜವಾ?

ನಿಜ, ಫೋಟೊ ಇದೆ. ಕಪ್ ಗೆದ್ದು ವಾಪಸ್ ಬರುವಾಗ ರಾಷ್ಟ್ರಪತಿ ಸಾಂದ್ರೊ ಪೆರ್ತೀನಿ ಮತ್ತು ಜೋಫ್ ಒಂದು ಜೋಡಿ, ಬೆರ್ಜೋಟ್ ಮತ್ತು ತಂಡದ ಆಟಗಾರ ಕೌಸಿಯೊ ಇನ್ನೊಂದು ಜೋಡಿ. ಮೇಜಿನ ಮೇಲೆ ವಿಶ್ವಕಪ್. ಪೆರ್ತೀನಿ ಜೋಡಿ ಸೋತಿತು. ತಪ್ಪು ಎಲೆ ಎಸೆದವರು ರಾಷ್ಟ್ರಪತಿ, ಬೈಗುಳ ತಿಂದವರು ಜೋಫ್. ತಪ್ಪು ತನ್ನದೇ ಎಂದು ಪೆರ್ತೀನಿ ಆಮೇಲೆ ಒಪ್ಪಿಕೊಂಡರು.

ಆಟ ನಿಲ್ಲಿಸಿದ್ದು ಯಾವಾಗ? ಕೋಚ್ ಆಗಿದ್ದು ಹೇಗೆ?

1983ರಲ್ಲಿ, 41ನೇ ವಯಸ್ಸಿನಲ್ಲಿ. ಇಟಲಿ ಪರ 112 ಪಂದ್ಯ. ಕೊನೆಯದು ಸ್ವೀಡನ್ ವಿರುದ್ಧ, 2-0 ಸೋಲು. ಆ 112ರ ದಾಖಲೆಯನ್ನು ಮುಂದೆ ಮುರಿದ ಪಾವ್ಲೊ ಮಾಲ್ದೀನಿ, 2000ದ ಯುರೋ ಕಪ್‌ನಲ್ಲಿ ಜೋಫ್ ತಂಡದ ಕ್ಯಾಪ್ಟನ್.

ಮೊದಲು ಯುವೆಂಟಸ್‌ನಲ್ಲೇ ಗೋಲಿಗಳಿಗೆ ಹೇಳಿಕೊಟ್ಟರು. ಆಮೇಲೆ ಇಟಲಿಯ ಒಲಿಂಪಿಕ್ ತಂಡ ಸಿಕ್ಕಿತು. 1988ರ ಸೋಲ್ ಒಲಿಂಪಿಕ್ಸ್‌ಗೆ ತಂಡ ಅರ್ಹತೆ ಪಡೆಯಿತು. ಅಷ್ಟರಲ್ಲಿ ಯುವೆಂಟಸ್ ಮುಖ್ಯ ಕೋಚ್ ಆಗಿ ಕರೆದಿತ್ತು.

ಕೋಚ್ ಆಗಿ ಅವರ ಅತ್ಯುತ್ತಮ ವರ್ಷ ಯಾವುದು?

ನನ್ನ ಪ್ರಕಾರ 1989-90. ಅದೇ ಅವರ ಬದುಕಿನ ಅತಿ ಭಾರದ ವರ್ಷವೂ ಇರಬೇಕು.

ಗಾಯೆತಾನೊ ಶಿರೇಯಾ ಎಂಬ ಡಿಫೆಂಡರ್ ಇದ್ದರು. ಯುವೆಂಟಸ್‌ನಲ್ಲೂ ಇಟಲಿ ತಂಡದಲ್ಲೂ ಜೋಫ್ ಮುಂದೆ ನಿಂತು ಆಡಿದವರು. ಹೊರಗೆ ಹೋದಾಗ ಇಬ್ಬರದೂ ಒಂದೇ ರೂಮು. 1982ರಲ್ಲಿ ಕಪ್ ಗೆದ್ದ ರಾತ್ರಿ ಉಳಿದವರು ಕುಣಿಯುತ್ತಿದ್ದಾಗ ಇವರಿಬ್ಬರು ಸುಮ್ನೆ ರೂಮಿನಲ್ಲಿ ಕೂತಿದ್ದರು. ಇಬ್ಬರೂ ಒಂದೇ ಸ್ವಭಾವದವರು. ಶಿರೇಯಾ ಅಷ್ಟು ವರ್ಷ ಡಿಫೆಂಡರ್ ಆಗಿದ್ದರೂ ಒಮ್ಮೆಯೂ ರೆಡ್ ಕಾರ್ಡ್ ನೋಡಲಿಲ್ಲ. ಜೋಫ್ ಕೋಚ್ ಆದಾಗ ಸಹಾಯಕ ಕೋಚ್ ಆಗಿ ಬಂದವರೂ ಅವರೇ.

ಯುಇಎಫ್‌ಎ ಕಪ್‌ನ ಮೊದಲ ಸುತ್ತಿನಲ್ಲಿ ಪೋಲೆಂಡಿನ ಗುರ್ನಿಕ್ ಜಾಬ್ಜೆ ತಂಡ ಎದುರಾಗಿತ್ತು. ಅವರ ಆಟ ನೋಡಿ ಬರಲು ಶಿರೇಯಾ ಹೋದರು. 1989ರ ಸೆಪ್ಟೆಂಬರ್ 3ರಂದು ಅಲ್ಲಿನ ರಸ್ತೆಯಲ್ಲಿ ಕಾರು ಅಪಘಾತ. ಶಿರೇಯಾ ತೀರಿಕೊಂಡರು. ಅವರಿಗೆ 36 ವರ್ಷ.

ಅದಾದ ಮೇಲೆ ಜೋಫ್ ಅದೇ ತಂಡವನ್ನು ಅದೇ ಟೂರ್ನಿಯಲ್ಲಿ ಮುಂದೆ ಕರೆದುಕೊಂಡು ಹೋಗಬೇಕಿತ್ತು. ಹೋದರು. ಗುರ್ನಿಕ್ ತಂಡವನ್ನು ದಾಟಿದರು. 1990ರ ಏಪ್ರಿಲ್‌ನಲ್ಲಿ ಮಿಲಾನ್ ತಂಡವನ್ನು ಅದರ ಮನೆಯಂಗಳದಲ್ಲೇ 1-0ಯಿಂದ ಸೋಲಿಸಿ ಇಟಾಲಿಯನ್ ಕಪ್ ಗೆದ್ದರು. ಅದು ಆ ವರ್ಷ ಯುರೋಪಿಯನ್ ಕಪ್ ಗೆದ್ದ ಮಿಲಾನ್, ನೆನಪಿರಲಿ. ಮೇ ತಿಂಗಳಲ್ಲಿ ಫಿಯೊರೆಂಟಿನಾ ವಿರುದ್ಧದ ಎರಡು ಪಂದ್ಯಗಳ ಫೈನಲ್‌ನಲ್ಲಿ 3-1, 0-0, ಯುಇಎಫ್‌ಎ ಕಪ್ ಕೂಡ ಬಂತು. ಕೆಳಗಿನ ದರ್ಜೆಯ ಮೆಸ್ಸೀನಾದಿಂದ ಆ ವರ್ಷವೇ ಬಂದಿದ್ದ ತೊತೊ ಸ್ಕಿಲಾಚಿ ಇದೇ ತಂಡದಲ್ಲಿ ಬೆಳೆದರು. ಆ ಬೇಸಿಗೆಯ ವಿಶ್ವಕಪ್‌ನಲ್ಲಿ ಎಲ್ಲರಿಗಿಂತ ಜಾಸ್ತಿ ಗೋಲು ಹೊಡೆದವರು ಅವರೇ.

ಎರಡು ಕಪ್ ಗೆದ್ದ ಕೋಚನ್ನು ಯಾಕೆ ತೆಗೆದರು?

ಆಟ ನೋಡಲು ಚೆಂದ ಇರಬೇಕು ಎಂಬ ಆಸೆ. ಆಗ ಇಟಲಿಯಲ್ಲಿ ಅರಿಗೊ ಸಾಕ್ಕಿ ಕೋಚ್ ಆಗಿದ್ದ ಮಿಲಾನ್ ಎಲ್ಲರ ಕಣ್ಣು ಕುಕ್ಕುತ್ತಿತ್ತು. ಯುವೆಂಟಸ್‌ಗೂ ಅಂಥ ಹೊಸ ಆಟ ಬೇಕೆನಿಸಿತು. ಲೀಗ್‌ನಲ್ಲಿ ನಾಲ್ಕನೇ ಸ್ಥಾನ ಸಾಲಲಿಲ್ಲ. ಜೋಫ್ ಜಾಗಕ್ಕೆ ಲುಯಿಜಿ ಮೈಫ್ರೆಡಿ ಬಂದರು. ಮುಂದಿನ ವರ್ಷ ಯುವೆಂಟಸ್ ಏಳನೇ ಸ್ಥಾನಕ್ಕೆ ಕುಸಿದು ಯುರೋಪಿನ ಟೂರ್ನಿಗಳಿಂದಲೇ ಹೊರಗುಳಿಯಿತು. ಇದು ಅನ್ಯಾಯ ಎಂದೇ ನನಗೆ ಇವತ್ತಿಗೂ ಅನಿಸುತ್ತದೆ.

ಲಾಜಿಯೊದಲ್ಲಿ ಏನು ಮಾಡಿದರು?

1990ರಿಂದ 1994ರವರೆಗೆ ಕೋಚ್. 1992-93ರಲ್ಲಿ ಐದನೇ ಸ್ಥಾನ, ಮುಂದಿನ ವರ್ಷ ನಾಲ್ಕನೇ ಸ್ಥಾನ. ತಂಡದ ಸ್ಟ್ರೈಕರ್ ಸಿನ್ಯೋರಿ ಆ ಎರಡೂ ವರ್ಷ ಲೀಗ್‌ನಲ್ಲಿ ಅತಿ ಹೆಚ್ಚು ಗೋಲು ಹೊಡೆದರು. ಇಂಗ್ಲೆಂಡಿನ ಗ್ಯಾಸ್ಕಾಯ್ನ್ ಅವರಂಥ ತುಂಟ ಆಟಗಾರನನ್ನು ಸಂಭಾಳಿಸಿದ್ದೂ ಈ ಮೌನಿಯೇ. ಡಿಫೆಂಡರ್ ನೆಸ್ತಾಗೆ 1994ರಲ್ಲಿ ಮೊದಲ ಅವಕಾಶ ಕೊಟ್ಟರು. ಆಮೇಲೆ ಕ್ಲಬ್‌ನ ಅಧ್ಯಕ್ಷರೂ ಆದರು. 1997ರಲ್ಲಿ ಕೋಚ್ ಕುರ್ಚಿ ಖಾಲಿಯಾದಾಗ ಅಧ್ಯಕ್ಷರೇ ಮತ್ತೆ ಬೆಂಚಿಗೆ ಇಳಿದು ಬಂದರು.

ಯುರೋ 2000 ಫೈನಲ್‌ನಲ್ಲಿ ಏನಾಯಿತು?

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

1998ರಲ್ಲಿ ಜೋಫ್ ಇಟಲಿ ಕೋಚ್ ಆದರು. ಯುರೋ ಶುರುವಾಗುವ ಮೊದಲೇ ಮೊದಲ ಗೋಲಿ ಬುಫೊನ್ ಕೈ ಮುರಿಯಿತು. ಆ ಜಾಗಕ್ಕೆ ಫ್ರಾಂಚೆಸ್ಕೊ ತೋಲ್ಡೊ ಬಂದರು. ಸೆಮಿಫೈನಲ್ ಆಮ್‌ಸ್ಟರ್‌ಡ್ಯಾಮ್‌ನಲ್ಲಿ, ನೆದರ್ಲೆಂಡ್ಸ್ ವಿರುದ್ಧ. ಜಂಬ್ರೋಟಾ ರೆಡ್ ಕಾರ್ಡ್ ತಿಂದು ಹೊರಗೆ ಹೋದರು. ಹತ್ತೇ ಜನ ಉಳಿದರು. ಆಟದ ನಡುವೆ ಎರಡು ಪೆನಾಲ್ಟಿ. ಫ್ರಾಂಕ್ ಡಿ ಬೂರ್ ಹೊಡೆದಿದ್ದನ್ನು ತೋಲ್ಡೊ ತಡೆದರು, ಕ್ಲೂವರ್ಟ್ ಹೊಡೆದಿದ್ದು ಕಂಬಕ್ಕೆ ಬಡಿಯಿತು. ಕೊನೆಗೆ ಶೂಟೌಟ್‌ನಲ್ಲಿ ತೋಲ್ಡೊ ಮತ್ತೆರಡು ತಡೆದು ತಂಡವನ್ನು ಫೈನಲ್‌ಗೆ ಮುಟ್ಟಿಸಿದರು.

ಜುಲೈ 2, ರೋಟರ್‌ಡ್ಯಾಮ್, ಎದುರಾಳಿ ಫ್ರಾನ್ಸ್. 55ನೇ ನಿಮಿಷದಲ್ಲಿ ಡೆಲ್ವೆಕಿಯೊ ಗೋಲು. 90 ನಿಮಿಷ ಮುಗಿದು, ಆಟ ನಿಂತ ಸಮಯಕ್ಕೆಂದು ಸೇರಿಸಿದ ನಿಮಿಷಗಳು ಓಡುತ್ತಿದ್ದವು. ಇಟಲಿ ಬೆಂಚಿನವರು ಕೈ ಕೈ ಹಿಡಿದು ನಿಂತಿದ್ದರು. ಆಗ ವಿಲ್ಟೋರ್ ಹೊಡೆದ ಚೆಂಡು ತೋಲ್ಡೊ ಕೈಯಡಿ ನುಸುಳಿ ಒಳಗೆ ಹೋಯಿತು. 1-1 ಆಗಿ ಪಂದ್ಯ ಎಕ್ಸ್‌ಟ್ರಾ ಟೈಮ್‌ಗೆ ಹೋಯಿತು. ಆಗ ಗೋಲ್ಡನ್ ಗೋಲ್ ನಿಯಮ ಇತ್ತು, ಎಕ್ಸ್‌ಟ್ರಾ ಟೈಮ್‌ನಲ್ಲಿ ಮೊದಲು ಗೋಲು ಹೊಡೆದವರೇ ವಿಜೇತರು. 103ನೇ ನಿಮಿಷದಲ್ಲಿ ಟ್ರೆಝೆಗೆ ಹೊಡೆದರು. ಮುಗಿಯಿತು.

ತೋಲ್ಡೊ ಕೈಯನ್ನು ಮುಟ್ಟಿಯೂ ಒಳಗೆ ಹೋದ ಆ ಚೆಂಡನ್ನು ಬೆಂಚಿನಲ್ಲಿ ನಿಂತು ನೋಡಿದ ಜೋಫ್‌ಗೆ ಏನನಿಸಿತೋ. ಸೋಲಿಗೆ ತೋಲ್ಡೊ ಅವರನ್ನು ಮಾತ್ರ ಅವರು ದೂರಲಿಲ್ಲ.

ಅಷ್ಟು ಚೆನ್ನಾಗಿ ಆಡಿಸಿಯೂ ಯಾಕೆ ರಾಜೀನಾಮೆ ಕೊಟ್ಟರು?

ಮರುದಿನ ಸಿಲ್ವಿಯೊ ಬೆರ್ಲುಸ್ಕೋನಿ ಬಾಯಿಬಿಟ್ಟು ಟೀಕಿಸಿದರು. ಅವರು ಆಗ ವಿರೋಧ ಪಕ್ಷದ ನಾಯಕ, ಮಿಲಾನ್ ಕ್ಲಬ್‌ನ ಮಾಲೀಕ. ಫ್ರಾನ್ಸ್‌ನ ಆಟಗಾರ ಜಿದಾನ್ ಬೆನ್ನಿಗೆ ಒಬ್ಬ ಆಟಗಾರನನ್ನು ಕಾವಲು ಹಾಕದೇ ಇದ್ದದ್ದು ತಪ್ಪು, ಹವ್ಯಾಸಿ ಕೋಚ್‌ಗೂ ಅದು ಹೊಳೆಯುತ್ತಿತ್ತು ಎನ್ನುವ ಅರ್ಥದ ಮಾತು. ಜುಲೈ 4ರಂದು ಜೋಫ್ ಪತ್ರಕರ್ತರನ್ನು ಕರೆದು ರಾಜೀನಾಮೆ ಹೇಳಿದರು. ಮಾಡಿದ ಕೆಲಸಕ್ಕೆ, ಕೆಲಸ ಮಾಡಿದ ಮನುಷ್ಯನಿಗೆ ಗೌರವ ಕೊಡಲಿಲ್ಲ ಎನ್ನುವುದು ಅವರ ನೋವು.

ಕೆಲವರು ಇದನ್ನು ಅವಸರ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. 1978ರಲ್ಲಿ ಟೀಕೆ ಬಂದಾಗ ಇದೇ ಮನುಷ್ಯ ತುಟಿ ಬಿಚ್ಚದೆ ನಾಲ್ಕು ವರ್ಷ ದುಡಿದಿದ್ದರು. ಗೋಲು ಬಿಟ್ಟಿದ್ದಕ್ಕೆ ಬೈದರೆ ಅದು ಆಟದ ಲೆಕ್ಕ. 2000ದಲ್ಲಿ ಬಂದದ್ದು ಆ ಲೆಕ್ಕದ ಮಾತಲ್ಲ. ಅಧಿಕಾರ ಇರುವ ಒಬ್ಬರು ಎಲ್ಲರ ಮುಂದೆ ಹೀಯಾಳಿಸಿದರು. ಎರಡರ ನಡುವಿನ ಗೆರೆ ಜೋಫ್‌ಗೆ ಸ್ಪಷ್ಟವಾಗಿತ್ತು.

ಅದಾದ ಮೇಲೆ?

2001ರ ಜನವರಿಯಲ್ಲಿ ಕೋಚ್ ಎರಿಕ್ಸನ್ ಜಾಗಕ್ಕೆ ಮತ್ತೆ ಲಾಜಿಯೊ, ಆ ಸೀಸನ್‌ಗೆ ಮೂರನೇ ಸ್ಥಾನ. ಮುಂದಿನ ಸೀಸನ್ ಶುರುವಿನಲ್ಲೇ ಕೆಲಸ ಹೋಯಿತು. 2005ರಲ್ಲಿ ಅರ್ಧ ಸೀಸನ್ ಫಿಯೊರೆಂಟಿನಾ. ತಂಡ ಕೊನೆಯ ದಿನ ಕೆಳಗಿನ ದರ್ಜೆಗೆ ಬೀಳದೆ ಉಳಿಯಿತು. 1961ರಲ್ಲಿ ಐದು ಗೋಲು ಹೊಡೆದ ತಂಡವನ್ನೇ ಉಳಿಸಿ ಕೋಚ್ ಕೆಲಸ ಮುಗಿಸಿದರು.

ಗೋಲಿಗಳು ಯಾಕೆ ಮುಖ್ಯ ಕೋಚ್ ಆಗುವುದು ಕಡಿಮೆ?

ಗೋಲಿಯ ಅಭ್ಯಾಸವೇ ಬೇರೆ, ಅವನ ಕೋಚ್ ಬೇರೆ. ಉಳಿದ ಹತ್ತು ಜನ ಒಂದು ಕಡೆ, ಅವನು ಒಂದು ಕಡೆ. ನಿವೃತ್ತಿಯಾದ ಮೇಲೂ ಗೋಲಿಗಳಿಗೆ ಕಲಿಸಲು ಹೇಳುತ್ತಾರೆ, ತಂಡ ಕೊಡುವುದಿಲ್ಲ. ಆದರೆ ಇಡೀ ಮೈದಾನವನ್ನು 90 ನಿಮಿಷ ಎದುರಿಗೆ ಇಟ್ಟುಕೊಂಡು ನೋಡುವವನು ಅವನೊಬ್ಬನೇ ಅಲ್ವಾ? 1993ರಲ್ಲಿ ಮಾರ್ಸೆ ತಂಡಕ್ಕೆ ಯುರೋಪಿನ ಕಪ್ ಗೆದ್ದುಕೊಟ್ಟ ಬೆಲ್ಜಿಯಂನ ರೇಮಂಡ್ ಗೂಥಾಲ್ಸ್ ಗೋಲಿ. 2020ರಲ್ಲಿ ಸೆವಿಯಾಗೆ ಯುರೋಪಾ ಲೀಗ್ ತಂದುಕೊಟ್ಟ ಲೋಪೆಟೆಗಿ ಗೋಲಿ.

ಜೋಫ್ ಅರ್ಥವಾಗಬೇಕಾದರೆ ಒಂದೇ ಒಂದು ಪಂದ್ಯ ನೋಡಬೇಕು. ಯಾವುದು?

1982ರ ಜುಲೈ 5, ಬಾರ್ಸಿಲೋನಾದ ಸಾರ್ರಿಯಾ ಮೈದಾನ, ಇಟಲಿ-ಬ್ರೆಜಿಲ್. ಎಲ್ಲರೂ ರೋಸಿಯ ಮೂರು ಗೋಲು ನೋಡುತ್ತಾರೆ. ನೀವು ಕೊನೆಯ ಎರಡು ನಿಮಿಷ ನೋಡಿ. ಇಟಲಿ 3-2 ಮುಂದಿದೆ. ಡ್ರಾ ಆದರೂ ಸಾಕು, ಬ್ರೆಜಿಲ್ ಸೆಮಿಫೈನಲ್‌ಗೆ. ಎಡೆರ್ ಎಡಗಡೆಯಿಂದ ಫ್ರೀ ಕಿಕ್ ಒದೆಯುತ್ತಾರೆ, ಓಸ್ಕರ್ ತಲೆ ಕೊಡುತ್ತಾರೆ. ಜೋಫ್ ಎಡಕ್ಕೆ ಬಿದ್ದು ಗೆರೆಯ ಮೇಲೇ ಚೆಂಡನ್ನು ಅಮುಕಿ ಹಿಡಿಯುತ್ತಾರೆ. ಬ್ರೆಜಿಲ್‌ನವರು ಗೋಲು ಎಂದು ಕೈ ಎತ್ತುತ್ತಾರೆ. ರೆಫ್ರಿ ಏಬ್ರಹಾಂ ಕ್ಲೈನ್ ಗೋಲು ಕೊಟ್ಟುಬಿಟ್ಟರೆ ಎಂಬ ಭಯ ಆ ಕ್ಷಣ ತಮ್ಮನ್ನು ಹಿಡಿದಿತ್ತು ಎಂದು ಜೋಫ್ ಆಮೇಲೆ ಹೇಳಿದ್ದಾರೆ. ಚೆಂಡು ಪೂರ್ತಿ ಗೆರೆ ದಾಟಿಲ್ಲ. ಒಂದು ಕೈಯಲ್ಲಿ ಅದನ್ನು ನೆಲಕ್ಕೆ ಒತ್ತಿಕೊಂಡು, ಇನ್ನೊಂದು ಕೈಯಿಂದ ಇಲ್ಲ, ಇಲ್ಲ ಎನ್ನುತ್ತಿದ್ದಾರೆ. ವಿಡಿಯೊವನ್ನು ಅಲ್ಲಿ ನಿಲ್ಲಿಸಿ, ಆ ಎರಡು ಕೈ ನೋಡಿ.